ಗಂಟು ಹಾಕಿದ ಹಾಡು

ಶಿಡ್ಲಘಟ್ಟದ ಆ ಶೆಡ್ಡಿನಲ್ಲಿ ನಮಗೆಲ್ಲ ಬಾಯಿಪಾಠವಾಗಿದ್ದ ಹಾಡು
ಒಂದಲ್ಲ, ಎರಡು.
ಮೊದಲನೆಯದು ಎರಡನೇ ಚರಣಕ್ಕೆ ಬಂದು
‘ನಿನ್ನ’ ಅನ್ನುವಷ್ಟರಲ್ಲಿ
ಥಟ್ಟನೆ ಇನ್ನೊಂದರ ಪಲ್ಲವಿಗೆ ಹಾರುತ್ತಿತ್ತು,
ಓಡುವ ಬಸ್ಸಿನಿಂದ ಯಾರೋ
ಓಡುವ ಬಸ್ಸಿಗೇ ಕಾಲಿಟ್ಟ ಹಾಗೆ.
ನಾವೂ ಹಾಗೇ ಹಾಡುತ್ತಿದ್ದೆವು, ನಡುವೆ ಉಸಿರೂ ಎಳೆಯದೆ.

ಅಕ್ಕಲಮ್ಮನ ಮಗಳ ಮದುವೆಯಲ್ಲಿ
ಚಿಂತಾಮಣಿಯ ವಾದ್ಯಗೋಷ್ಠಿಯವರು ಅದನ್ನೇ ಎತ್ತಿಕೊಂಡಾಗ
ಹಿಂದಿನ ಸಾಲಿನ ಒಂಬತ್ತು ಹೆಂಗಸರು
ಸರಿಯಾಗಿ ಅಲ್ಲೇ ಹಾರಿದೆವು.
ಹಾಡುವವನು ಒಬ್ಬನೇ ಹಳೇ ಹಾಡಿನಲ್ಲಿ ಉಳಿದುಬಿಟ್ಟ, ಪಾಪ.
ಅವನ ಮುಂದಿನ ಸಾಲು ನಮ್ಮ ನಗೆಯಲ್ಲಿ ಮುಳುಗಿಹೋಯಿತು.
ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕಲಮ್ಮ.

ಕ್ಯಾಸೆಟ್ಟು ಇಮ್ತಿಯಾಜನದು,
ಬಾಯ್ಲರಿಗೆ ಸೌದೆ ಹಾಕುತ್ತಿದ್ದವನು.
ಅರವತ್ತು ನಿಮಿಷದ್ದು, ಪಟ್ಟಿ ಬರೆದುಕೊಟ್ಟು ತುಂಬಿಸಿಕೊಂಡು ಬಂದದ್ದು,
ರಟ್ಟಿನ ಮೇಲೆ ಅವನದೇ ಅಕ್ಷರ, ಹಸಿರು ಇಂಕು.
ನನ್ನ ಬಸಿನ್ನು ಕಟ್ಟಕಡೆಯದು, ಫ್ಯಾನಿನ ಕೆಳಗೆ.
ಬೇಯುವ ಗೂಡಿನ ನಾತ, ಮೋಟಾರಿನ ಗುರ್ರು,
ಕುದಿನೀರಿನಲ್ಲಿ ಬೆರಳು,
ಎಂಟು ಎಳೆ ಒಂದಾಗುವ ಕಡೆ ಕಣ್ಣು.
ಅಷ್ಟು ದೂರಕ್ಕೆ ರಾಗ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.
ಮಾತು ಕಲಿತದ್ದು ಆಮೇಲೆ, ಪಕ್ಕದವರ ಬಾಯಿಂದ.

ಕ್ಯಾಸೆಟ್ಟು ಬಂದ ವಾರವೇ ಟೇಪು ಸಿಕ್ಕಿಕೊಂಡಿತಂತೆ.
ನಾನು ಊಟಕ್ಕೆ ಹೋಗಿದ್ದೆ.
ಬರುವಷ್ಟರಲ್ಲಿ ಅಕ್ಕಲಮ್ಮ ಬ್ಲೇಡಿನಲ್ಲಿ ಕೊಯ್ದು,
ತುದಿಗೆ ತುದಿ ಕೂಡಿಸಿ, ಉಗುರುಬಣ್ಣ ಹಚ್ಚಿ ಊದುತ್ತಿದ್ದಳು.
ದಿನಕ್ಕೆ ಮುನ್ನೂರು ಸಲ ಕಡಿದ ರೇಷ್ಮೆಗೆ ಗಂಟು ಹಾಕುವವಳು.
ಅವಳ ಗಂಟು ದಾರಕ್ಕೂ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ.
ಮೊನ್ನೆ ಎಚ್ ಕ್ರಾಸಿನಲ್ಲಿ ಹತ್ತಿದ ಬಸ್ಸಿನಲ್ಲಿ
ಡ್ರೈವರು ಅದೇ ಹಾಡು ಹಾಕಿದ.
‘ನಿನ್ನ’ ಬಂತು. ನಾನು ಹಾರಿದೆ.
ಹಾಡು ಹಾರಲಿಲ್ಲ.
ಪಕ್ಕದ ಸೀಟಿನ ಹೆಂಗಸು ನನ್ನ ಮುಖ ನೋಡಿದಳು.
ಬಾಯಿ ಮುಚ್ಚಿಕೊಂಡು ಕೇಳಿದೆ:
ಎಂಟೇ ಸಾಲು. ಚಂದ್ರ, ಕೊಳ, ಎಲ್ಲ ಹಾಡಿನಲ್ಲೂ ಇರುವ ಸಾಮಾನು.
ಆರನೆಯದರಲ್ಲಿ ತಬಲ ನಿಲ್ಲುತ್ತದೆ,
ಆ ಮೌನದಲ್ಲಿ ಒಂದೇ ಒಂದು ಪದ:
ಕೋಮಲ.
ನನ್ನ ಹೆಸರು.

ಬರೆದವನು ಯಾರದೋ ಕೈಗೆ ಹೇಳಿದ್ದು, ಅಷ್ಟೆ.
ನನ್ನ ಕೈ ನೋಡಿಕೊಂಡೆ.
ರೇಷನ್ ಅಂಗಡಿಯ ಯಂತ್ರಕ್ಕೂ ಗುರುತು ಸಿಗದ ಹಾಗೆ
ಬಿಸಿನೀರು ತಿಂದುಬಿಟ್ಟ ಬೆರಳ ತುದಿ.

ಆಮೇಲೆ ನೆನಪಾಯಿತು.
ಆ ವಾರ, ಆ ಹಾಡಿಗೆ ಮಾತ್ರ, ಸೌದೆ ಬಿಟ್ಟು ಓಡಿ ಬಂದು
ಅವನು ಸದ್ದು ಏರಿಸುತ್ತಿದ್ದ.
ಮೋಟಾರಿಗೆ ಕೇಳಿಸಲಿ ಅಂತಿರಬೇಕು ಅಂದುಕೊಂಡಿದ್ದೆ.
ಅವನನ್ನು ನಾನು ಸರಿಯಾಗಿ ನೋಡಿದವಳೂ ಅಲ್ಲ,
ರಾಮನಗರಕ್ಕೆ ಹೋದನಂತೆ ಅಂದಾಗ
ಹೌದಾ ಅಂದು ಗೂಡು ಆಯುತ್ತಾ ಕೂತವಳು.
ಆದರೂ ಹದಿನೇಳರಲ್ಲಿ ಒಂದು ಸಲ
ನನ್ನ ಹೆಸರನ್ನು ಯಾರಾದರೂ ಅಷ್ಟು ನಿಧಾನವಾಗಿ ಅನ್ನುವುದು
ಕೇಳಿಸಿಕೊಳ್ಳಬೇಕಿತ್ತು.

ದಿಬ್ಬೂರಹಳ್ಳಿ ರಸ್ತೆಯಲ್ಲಿ ಅಕ್ಕಲಮ್ಮ
ಜಗಲಿ ಮೇಲೆ ನೆನೆಸಿದ ಅವರೆ ಹಿಸುಕುತ್ತಿದ್ದಳು.
ಯಾಕೆ ಕೊಯ್ದೆ ಅಂದೆ.
‘ಟೇಪು ಸಿಕ್ಕಾಕ್ಕೊಂಡಿತ್ತು ಕಣಮ್ಮಣ್ಣಿ.’
ಇನ್ನೊಂದು ಕಾಳು, ಇನ್ನೊಂದು. ಸಿಪ್ಪೆ ಒಂದು ಕಡೆ.
‘ನಿಮ್ಮಪ್ಪ ದಿನಾ ಬಾಗಿಲಾಗೆ ನಿಂತ್ಕೊತಿದ್ದ, ನಿನ್ನ ಕರ್ಕೊಂಡ್ ಹೋಗಕ್ಕೆ.’
ಅಷ್ಟು ಹೇಳಿ ತುಂಬ ಹೊತ್ತು ಸುಮ್ಮನಿದ್ದಳು.
‘ಪೂರ್ತಿ ಕೇಳಿದ್ಯಾ?’
ಕೇಳಿದೆ.
‘ಹೆಂಗೈತೆ?’
ಚೆನ್ನಾಗಿದೆ ಅಂದೆ.

ನಾನೂ ಒಂದು ಹಿಡಿ ಅವರೆ ಮುಂದಕ್ಕೆ ಎಳೆದುಕೊಂಡೆ.
ಯಾರು ಶುರು ಮಾಡಿದೆವೋ,
‘ನಿನ್ನ’ ಅಂದು
ಇಬ್ಬರೂ ಒಟ್ಟಿಗೇ ಹಾರಿದೆವು.